ಅರಿಶಿನ-ಕಾಳುಮೆಣಸಿನ ಕ್ಯಾಪ್ಸೂಲು ಮತ್ತು ಸಿರ್ಸಿಯ ಸಿಪಿ ಬಜಾರಿನ ಕಾಳುಮೆಣಸು: ಮೂರು ತಿಂಗಳ ಅನುಭವ

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ, ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಮನೆಯಲ್ಲಿ ದಿನಾ ಮಾತ್ರೆ ತಗೊಳ್ಳುವವರು ಯಾರಾದರೂ ಇದ್ದರೆ, ಅದರಲ್ಲೂ ಫಿಟ್ಸ್‌ಗೆ, ಹೃದಯಕ್ಕೆ, ದಮ್ಮಿಗೆ ತಗೊಳ್ಳುವವರಿದ್ದರೆ, ಪೈಪರಿನ್ (ಕಾಳುಮೆಣಸಿನ ಖಾರದ ಅಂಶ) ಹಾಕಿದ ಅರಿಶಿನದ ಕ್ಯಾಪ್ಸೂಲನ್ನು ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಈ ಕ್ಯಾಪ್ಸೂಲು ಸುಳ್ಳು ಮಾಲು ಅಂತ ನಾನು ಹೇಳುತ್ತಿಲ್ಲ. ಪೈಪರಿನ್ ನಿಜವಾಗಿಯೂ ಕೆಲಸ ಮಾಡುತ್ತದೆ. ನಮ್ಮ ಮನೆಗೆ ತೊಂದರೆ ಬಂದದ್ದೇ ಅದರಿಂದ.

ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥದ್ದೇ ಡಬ್ಬಿಗಳು ಹತ್ತಾರು ಬ್ರಾಂಡಿನಲ್ಲಿ ಸಿಗುತ್ತವೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ಜೂನ್ ಕೊನೆಯಲ್ಲಿ ಆರ್ಡರ್ ಮಾಡಿದ್ದೆ. ಮಳೆ ಹಿಡಿದರೆ ನಮ್ಮ ಆಯಿಗೆ ಮಂಡಿನೋವು ಜಾಸ್ತಿ, ಬೆಳಗ್ಗೆ ಎದ್ದು ಜಗುಲಿಯ ಎರಡು ಮೆಟ್ಟಿಲು ಇಳಿಯಲು ಕಂಬ ಹಿಡಿಯಬೇಕು. ಪಕ್ಕದ ಮನೆಯ ನಮ್ಮ ಚಿಕ್ಕಿಗೂ ಅದೇ ನೋವು. ಹಾಗಾಗಿ ಎರಡು ಡಬ್ಬಿ ತರಿಸಿದೆ, ಒಂದೊಂದರಲ್ಲಿ 60 ಕ್ಯಾಪ್ಸೂಲು, ಒಂದಕ್ಕೆ 849 ರೂಪಾಯಿ. ಹುಲೇಕಲ್ ಕಡೆಯ ನಮ್ಮ ಹಳ್ಳಿಗೆ ಕೊರಿಯರಿನವರು ಬರುವುದಿಲ್ಲ, ಸಿರ್ಸಿಗೆ ಹೋಗಿ ತಂದೆ. ಡಬ್ಬಿ ಗಟ್ಟಿಯಾಗಿತ್ತು, ಸೀಲ್ ಸರಿಯಾಗಿತ್ತು, ಈ ಮಳೆಯಲ್ಲೂ ಒಳಗೆ ತಂಪು ಹಿಡಿದಿರಲಿಲ್ಲ. ಅಷ್ಟರ ಮಟ್ಟಿಗೆ ದೂರಿಲ್ಲ.

ಲೇಬಲ್ ಮೇಲೆ ಹೀಗಿತ್ತು: ಒಂದು ಕ್ಯಾಪ್ಸೂಲಿಗೆ ಅರಿಶಿನದ ಕರ್ಕ್ಯುಮಿನ್ ಸಾರ 500 ಮಿಲಿಗ್ರಾಂ, ಕಾಳುಮೆಣಸಿನ ಸಾರ 10 ಮಿಲಿಗ್ರಾಂ, ಅದರಲ್ಲಿ ನೂರಕ್ಕೆ 95 ಪಾಲು ಪೈಪರಿನ್. ದಿನಕ್ಕೆ ಎರಡು, ಊಟದ ನಂತರ. ಕೆಳಗೆ ದೊಡ್ಡ ಹಸಿರು ಅಕ್ಷರದಲ್ಲಿ ‘2000% ಹೆಚ್ಚು ಹೀರಿಕೆ’. ಅದರ ಪಕ್ಕದಲ್ಲಿ ‘ಪೂರ್ತಿ ನೈಸರ್ಗಿಕ, ಅಡ್ಡಪರಿಣಾಮ ಇಲ್ಲ’. ಬೇರೆ ಔಷಧ ತಗೊಳ್ಳುವವರು ಏನು ಮಾಡಬೇಕು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಆಗ ನಾನದನ್ನು ಗಮನಿಸಲಿಲ್ಲ. ಅರಿಶಿನ, ಕಾಳುಮೆಣಸು, ಎರಡೂ ನಮ್ಮ ಒಲೆಯ ಪಕ್ಕದ ಡಬ್ಬಿಯಲ್ಲಿ ಇರುವಂಥವು, ಅದರಿಂದ ಏನಾಗುತ್ತದೆ ಅಂತ ಯಾರಾದರೂ ಕೇಳುತ್ತಾರಾ?

ಆಯಿ ಬೇರೆ ಯಾವ ಮಾತ್ರೆಯನ್ನೂ ತಗೊಳ್ಳುವುದಿಲ್ಲ. ಅವಳಿಗೆ ಮೊದಲ ವಾರ ತೇಗು ಬಂದರೆ ಅರಿಶಿನದ ವಾಸನೆ, ಹೊಟ್ಟೆಯಲ್ಲಿ ಸ್ವಲ್ಪ ಉರಿ. ಊಟದ ನಡುವೆ ತಗೊಂಡಮೇಲೆ ಅದು ಕಡಿಮೆಯಾಯಿತು. ಮೂರನೇ ವಾರದಿಂದ ಬೆಳಗಿನ ಹಿಡಿತ ಕಡಿಮೆ ಅನಿಸುತ್ತದೆ ಅಂದಳು, ಕಂಬ ಹಿಡಿಯದೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಇದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ಚಿಕ್ಕಿಯ ಕಥೆ ಬೇರೆ. ಅವಳು ಸುಮಾರು ಇಪ್ಪತ್ತು ವರ್ಷದಿಂದ ಫಿಟ್ಸ್‌ಗೆ ಫೆನಿಟೋಯಿನ್ ತಗೊಳ್ಳುತ್ತಿದ್ದಾಳೆ, ರಾತ್ರಿ ಮಲಗುವಾಗ, ಒಂದು ದಿನ ತಪ್ಪಿಸಿದವಳಲ್ಲ. ಡೋಸು ಬದಲಾಗದೆ ವರ್ಷಗಳೇ ಆಗಿವೆ, ಫಿಟ್ಸ್ ಬಂದೂ ವರ್ಷಗಳಾಗಿವೆ. ಕ್ಯಾಪ್ಸೂಲು ಶುರು ಮಾಡಿ ಹದಿನೇಳನೇ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬರಲು ಹಳ್ಳದ ಸಂಕ (ಕಾಲುಸೇತುವೆ) ದಾಟಬೇಕಿತ್ತು. ಎರಡು ಅಡಿಕೆ ಮರದ ಸಂಕ, ಪಕ್ಕದಲ್ಲಿ ಹಿಡಿಯಲು ಒಂದು ಬಿದಿರು, ಅವಳು ಹುಲ್ಲಿನ ಹೊರೆ ಹೊತ್ತುಕೊಂಡೂ ದಾಟುವ ಸಂಕ. ಆವತ್ತು ಅರ್ಧಕ್ಕೆ ಬಂದು ಕೂತುಬಿಟ್ಟಳು. ನಾನು ಓಡಿ ಹೋಗಿ ಕೈ ಹಿಡಿದೆ. “ತಮಾ, ತಲೆ ತಿರುಗ್ತು, ನೆಲ ವಾಲ್ದಂಗೆ ಆಗ್ತು” ಅಂದಳು. ಮಾತು ಸ್ವಲ್ಪ ತೊದಲುತ್ತಿತ್ತು. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಅವತ್ತೇ ಸಂಜೆ ಸಿರ್ಸಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ತಮ್ಮ ಪೆನ್ನನ್ನು ಅವಳ ಕಣ್ಣೆದುರು ಹಿಡಿದು ನಿಧಾನಕ್ಕೆ ಎಡಕ್ಕೆ ಬಲಕ್ಕೆ ಸರಿಸಿದರು. ಪೆನ್ನು ತುದಿಗೆ ಹೋಗಿ ನಿಂತಾಗ ಚಿಕ್ಕಿಯ ಕಣ್ಣುಗುಡ್ಡೆ ಮಾತ್ರ ನಿಲ್ಲಲಿಲ್ಲ, ಸಣ್ಣಗೆ ಪಟಪಟ ಅಂತ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಲು ಹೇಳಿದರು, ಮೂರನೇ ಹೆಜ್ಜೆಗೆ ಗೋಡೆ ಹಿಡಿದಳು. ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: “ಹೊಸದಾಗಿ ಏನು ಶುರು ಮಾಡಿದ್ದೀರಿ? ಮಾತ್ರೆ, ಕಷಾಯದ ಪುಡಿ, ಲೇಹ್ಯ, ಯಾವುದಾದರೂ ಸರಿ.” ಚಿಕ್ಕಿ ಏನೂ ಇಲ್ಲ ಅಂದಳು. ಅರಿಶಿನದ ಕ್ಯಾಪ್ಸೂಲು ಅವಳ ಲೆಕ್ಕದಲ್ಲಿ ಔಷಧವೇ ಅಲ್ಲ. ನಾನೇ ಹೇಳಿದೆ.

ಅವರು ಡಬ್ಬಿಯ ಫೋಟೊ ನೋಡಿದರು, ಪೈಪರಿನ್ ಅನ್ನುವ ಪದದ ಮೇಲೆ ಬೆರಳಿಟ್ಟರು, ಇವತ್ತಿಂದ ಇದು ಬಂದ್ ಅಂದರು. ರಕ್ತ ತೆಗೆದು ಫೆನಿಟೋಯಿನ್ ಮಟ್ಟ ನೋಡಲು ಕಳಿಸಿದರು. ಆ ಔಷಧ ರಕ್ತದಲ್ಲಿ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೊಗ್ರಾಂ ಇರಬೇಕು. ಚಿಕ್ಕಿಯದು 27 ಬಂತು. ಮಾತ್ರೆಯ ಡೋಸು ಬದಲಿಸಿರಲಿಲ್ಲ, ಎರಡೆರಡು ಸಲ ನುಂಗಿಯೂ ಇರಲಿಲ್ಲ, ಅವಳ ಪಟ್ಟಿ ಎಣಿಸಿ ನೋಡಿದೆವು.

ಡಾಕ್ಟರ್ ಹೇಳಿದ ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಫೆನಿಟೋಯಿನ್ ಬೇರೆ ಮಾತ್ರೆಗಳ ಹಾಗೆ ಅಲ್ಲವಂತೆ. ಅದನ್ನು ಒಡೆಯುವ ಲಿವರಿನ ಕಿಣ್ವಗಳು ಒಂದು ಮಟ್ಟದವರೆಗೆ ಕೆಲಸ ನಿಭಾಯಿಸುತ್ತವೆ, ಆಮೇಲೆ ಕೈ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ಹೆಚ್ಚು ಒಳಗೆ ಬಂದರೂ ರಕ್ತದಲ್ಲಿ ದಿಢೀರ್ ಏರುತ್ತದೆ. ಪೈಪರಿನ್ ಜೊತೆ ಕೊಟ್ಟಾಗ ಫೆನಿಟೋಯಿನ್ ಬೇಗ ಹೀರಿಕೊಂಡು, ನಿಧಾನಕ್ಕೆ ಹೊರಗೆ ಹೋಗುತ್ತದೆ ಅಂತ 1980ರ ದಶಕದಲ್ಲೇ ನಮ್ಮ ದೇಶದವರು ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹೃದಯ ಮತ್ತು ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ದಮ್ಮಿಗೆ ಕೊಡುವ ಥಿಯೋಫಿಲಿನ್, ಇವೆರಡರಲ್ಲೂ ಹಾಗೇ ಆಗುತ್ತದೆ ಅಂತ 1991ರಲ್ಲಿ ಬರೆದಿದ್ದಾರೆ. ಆ ಪರೀಕ್ಷೆಯಲ್ಲಿ ಕೊಟ್ಟ ಪೈಪರಿನ್ ದಿನಕ್ಕೆ 20 ಮಿಲಿಗ್ರಾಂ. ನಮ್ಮ ಡಬ್ಬಿಯ ಎರಡು ಕ್ಯಾಪ್ಸೂಲು ಸೇರಿದರೆ ಹೆಚ್ಚುಕಡಿಮೆ ಅಷ್ಟೇ, 19 ಮಿಲಿಗ್ರಾಂ.

ಹನ್ನೆರಡು ದಿನ ಬಿಟ್ಟು ಮತ್ತೆ ನೋಡಿದಾಗ ಚಿಕ್ಕಿಯ ಮಟ್ಟ 16ಕ್ಕೆ ಇಳಿದಿತ್ತು. ತಲೆ ತಿರುಗುವುದು ಅದಕ್ಕೂ ಮೊದಲೇ ನಿಂತಿತ್ತು.

ಆಮೇಲೆ ನಾನು ಈ ಪೈಪರಿನ್ ಕರುಳಿನಲ್ಲಿ ಏನು ಮಾಡುತ್ತದೆ ಅಂತ ಓದಲು ಕೂತೆ. ತಂದುಕೊಟ್ಟವನು ನಾನು, ತಿಳಿದುಕೊಳ್ಳದೆ ಇರಲು ಆಗಲಿಲ್ಲ.

ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರಿನ್. ಒಣಗಿದ ಕಾಳಿನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 5ರಿಂದ 9 ಪಾಲು ಇರುತ್ತದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಅರ್ಸ್ಟೆಡ್ 1819ರಲ್ಲಿ ಅದನ್ನು ಬೇರ್ಪಡಿಸಿದರು. ವಿದ್ಯುತ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಅಂತ ಮರುವರ್ಷ ತೋರಿಸಿದವರೂ ಅವರೇ, ಶಾಲೆಯಲ್ಲಿ ಓದಿದ್ದು ನೆನಪಿರಬಹುದು.

ಸಣ್ಣಕರುಳು ಅಂದರೆ ಬರೀ ಒಂದು ಪೈಪು ಅಂತ ನಾನು ತಿಳಿದಿದ್ದೆ. ಸುಮಾರು 6 ಮೀಟರ್ ಉದ್ದದ ಆ ಕರುಳಿನ ಒಳಗೋಡೆ ಆಹಾರವನ್ನು ಒಳಗೆ ಬಿಡುವ ಕೆಲಸದ ಜೊತೆಗೆ ಬೇಡದ್ದನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ನಮ್ಮ ಕಡೆ ತೋಟದ ಬಾಯಲ್ಲಿ ದಣಪೆ ಇರುತ್ತದಲ್ಲ, ಎರಡು ಕಂಬ, ಅಡ್ಡಕ್ಕೆ ಮೂರ್ನಾಲ್ಕು ಗಳ, ಹಾಗೆ ಅಂದುಕೊಳ್ಳಿ. ಒಂದು ಗಳ ಅಂದರೆ ಗೋಡೆಯ ಜೀವಕೋಶದೊಳಗಿನ ಕಿಣ್ವಗಳು. ಅರಿಶಿನದ ಕರ್ಕ್ಯುಮಿನ್ ಅಲ್ಲಿಗೆ ಬಂದ ಕೂಡಲೇ ಇವು ಅದಕ್ಕೆ ಗ್ಲುಕ್ಯುರಾನಿಕ್ ಆಮ್ಲ ಅನ್ನುವುದನ್ನು ಅಂಟಿಸುತ್ತವೆ. ಅದು ಅಂಟಿದರೆ ವಸ್ತು ನೀರಿನಲ್ಲಿ ಕರಗುವಂತಾಗಿ ಸುಲಭವಾಗಿ ಹೊರಗೆ ಹೋಗುತ್ತದೆ. ಲಿವರಿನಲ್ಲಿಯೂ ಇದೇ ಕೆಲಸ ಇನ್ನೊಮ್ಮೆ ನಡೆಯುತ್ತದೆ. ಎರಡನೇ ಗಳ ಪಿ-ಗ್ಲೈಕೊಪ್ರೋಟೀನ್ ಅನ್ನುವ ಪಂಪು, ಜೀವಕೋಶದ ಒಳಗೆ ಬಂದ ಎಷ್ಟೋ ಔಷಧಗಳನ್ನು ಹಿಡಿದು ಮತ್ತೆ ಕರುಳಿಗೇ ಎಸೆಯುತ್ತದೆ. ಮೂರನೆಯದು ಔಷಧಗಳನ್ನು ಒಡೆಯುವ ಇನ್ನೊಂದು ಕಿಣ್ವ, ಸಿವೈಪಿ3ಎ4 ಅಂತ ಅದರ ಹೆಸರು.

ಪೈಪರಿನ್ ಈ ಮೂರನ್ನೂ ತಡೆಯುತ್ತದೆ. ಅಂದರೆ ಗಳ ಸರಿಸುತ್ತದೆ. ನಾವು ಸರಿಸಿದ್ದು ನಮ್ಮ ಕರು ಒಳಗೆ ಬರಲಿ ಅಂತ, ಆದರೆ ದಣಪೆ ತೆರೆದಮೇಲೆ ಊರ ದನ ಎಲ್ಲವೂ ಒಳಗೆ ಬರುತ್ತದೆ, ಅಲ್ವಾ? ಚಿಕ್ಕಿಗೆ ಆದದ್ದು ಅಷ್ಟೇ.

ಇದರ ಜೊತೆಗೆ ಕರುಳಿನ ಗೋಡೆಯಲ್ಲೇ ಕೆಲವು ಬದಲಾವಣೆ ಆಗುತ್ತದೆ. ಗೋಡೆಯ ಜೀವಕೋಶಗಳ ತುದಿಯಲ್ಲಿ ಬ್ರಶ್ಶಿನ ಎಳೆಯಂಥ ಸೂಕ್ಷ್ಮ ಕುಡಿಗಳಿವೆ, ಪೋಷಕಾಂಶ ಹೀರುವುದು ಅಲ್ಲಿಂದ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರು ಇಲಿಗಳಿಗೆ ಕಾಳುಮೆಣಸು, ಶುಂಠಿ, ಪೈಪರಿನ್, ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್, ಇವನ್ನು ಆಹಾರದಲ್ಲಿ ಸೇರಿಸಿ ನೋಡಿದಾಗ ಆ ಕುಡಿಗಳು ಉದ್ದವಾಗಿದ್ದವು, ಜೀವಕೋಶದ ಪೊರೆಯೂ ಸ್ವಲ್ಪ ಸಡಿಲವಾಗಿತ್ತು. ಇದು ಇಲಿಗಳಲ್ಲಿ ಕಂಡದ್ದು. ಮನುಷ್ಯರಲ್ಲಿ ನೋಡಿದ್ದೂ ಇದೆ: ಕ್ಯಾರೆಟ್, ಸೊಪ್ಪುಗಳಲ್ಲಿ ಇರುವ ಬೀಟಾ ಕ್ಯಾರೋಟಿನ್ ಮಾತ್ರೆಯ ಜೊತೆ ದಿನಕ್ಕೆ 5 ಮಿಲಿಗ್ರಾಂ ಪೈಪರಿನ್ ಎರಡು ವಾರ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣ 60% ಹೆಚ್ಚಾಗಿತ್ತು. ಕೋಎನ್‌ಜೈಮ್ ಕ್ಯೂ10 ಅನ್ನುವುದರ ಜೊತೆ ಮೂರು ವಾರ ಕೊಟ್ಟಾಗ 30%. ಇವೆರಡರ ಅಧ್ಯಯನದಲ್ಲೂ ಪೈಪರಿನ್ ಸಾರ ಮಾರುವ ಕಂಪನಿಯವರೇ ಇದ್ದರು ಅನ್ನುವುದನ್ನೂ ಜೊತೆಗೇ ಹೇಳಬೇಕು. ಆದರೂ ವಿಟಮಿನ್ನಿಗೆ ಇದು ಒಳ್ಳೆಯ ಸುದ್ದಿಯೇ.

ಇನ್ನು ಆ 2000%. ಅದು ಸುಳ್ಳಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಮಾಡಿ 1998ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಿಂದ ಬಂದದ್ದು. 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಾಣಿಸಲೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕಾಲುಗಂಟೆಯಿಂದ ಒಂದು ಗಂಟೆಯ ಒಳಗೆ ಏರಿತು. ಲೇಬಲ್ ಹೇಳದೆ ಬಿಟ್ಟದ್ದು ಏನೆಂದರೆ, ಹಾಗೆ ಏರಿದಮೇಲೂ ಒಂದು ಮಿಲಿಲೀಟರಿಗೆ ಒಂದು ಮೈಕ್ರೊಗ್ರಾಮಿನ ಐದನೇ ಒಂದು ಪಾಲಿನಷ್ಟೂ ಆಗಿರಲಿಲ್ಲ. ಇಲ್ಲವೇ ಇಲ್ಲ ಅನ್ನುವಂಥದ್ದರ ಇಪ್ಪತ್ತು ಪಟ್ಟು ಅಂದರೆ ಎಷ್ಟು, ನೀವೇ ನೋಡಿ. ಡಬ್ಬಿಯ ಮೇಲೆ ಆ ಅಂಕಿ ಮಾತ್ರ ನೋಡಿದವರಿಗೆ ಮಾಮೂಲಿಯ ಇಪ್ಪತ್ತು ಪಟ್ಟು ಔಷಧ ಸಿಗುತ್ತದೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು.

ನನಗೆ ಸಿಟ್ಟು ಬಂದದ್ದು ಇನ್ನೊಂದು ವಿಷಯ ಓದಿದಾಗ. ಜಮ್ಮುವಿನ ಸರ್ಕಾರಿ ಸಂಶೋಧನಾಲಯದಲ್ಲಿ ಸಿ.ಕೆ. ಅಟಲ್ ಮತ್ತು ಜೊತೆಯವರು 1970ರ ದಶಕದ ಕೊನೆಯಲ್ಲಿ, ಆಯುರ್ವೇದದ ಅಷ್ಟೊಂದು ಯೋಗಗಳಲ್ಲಿ ಶುಂಠಿ, ಕಾಳುಮೆಣಸು, ಹಿಪ್ಪಲಿ ಸೇರಿದ ತ್ರಿಕಟು ಯಾಕೆ ಇರುತ್ತದೆ ಅಂತ ಹುಡುಕಲು ಹೊರಟರು. ಆ ದಾರಿಯಲ್ಲೇ ಮುಂದೆ ಹೋಗಿ ಒಂದು ಕ್ಷಯರೋಗದ ಔಷಧ ಬಂತು, 2009ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಾಮೂಲಿಯಾಗಿ 450 ಮಿಲಿಗ್ರಾಂ ಕೊಡುವ ರಿಫಾಂಪಿಸಿನ್ ಅನ್ನು ಅದರಲ್ಲಿ 200ಕ್ಕೆ ಇಳಿಸಿ, ಜೊತೆಗೆ ಪೈಪರಿನ್ ಸೇರಿಸಿದ್ದಾರೆ. ಎಷ್ಟು ಪೈಪರಿನ್ ಗೊತ್ತಾ? 10 ಮಿಲಿಗ್ರಾಂ. ಅಷ್ಟೇ ಪೈಪರಿನ್ ಒಂದು ಕ್ಷಯದ ಔಷಧವನ್ನು ಅರ್ಧಕ್ಕಿಂತ ಕಡಿಮೆ ಮಾಡಲು ಸಾಕಾಗುತ್ತದೆ! ಅಲ್ಲಿ ಅದಕ್ಕೆ ಡಾಕ್ಟರ ಚೀಟಿ ಬೇಕು, ಸರ್ಕಾರದ ಒಪ್ಪಿಗೆ ಬೇಕು. ನನ್ನ ಡಬ್ಬಿಯ ಒಂದೊಂದು ಕ್ಯಾಪ್ಸೂಲಿನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ, 9.5 ಮಿಲಿಗ್ರಾಂ. ಅದು ಕೊರಿಯರ್‌ನಲ್ಲಿ ಬರುತ್ತದೆ, ‘ಅಡ್ಡಪರಿಣಾಮ ಇಲ್ಲ’ ಅನ್ನುವ ಸಾಲಿನ ಜೊತೆ.

ಜರ್ಮನಿಯಲ್ಲಿ ಆಹಾರದ ಅಪಾಯಗಳನ್ನು ಅಳೆಯುವ ಸರ್ಕಾರಿ ಸಂಸ್ಥೆ ಹೀಗೆ ಬೇರ್ಪಡಿಸಿದ ಪೈಪರಿನ್ ದಿನಕ್ಕೆ 2 ಮಿಲಿಗ್ರಾಂ ದಾಟದಿರಲಿ ಅಂದಿದೆ. ಅಮೆರಿಕದಲ್ಲಿ ಅರಿಶಿನದ ಮಾತ್ರೆಯಿಂದ ಲಿವರಿಗೆ ಪೆಟ್ಟಾದ 10 ಜನರ ವಿವರ 2022ರಲ್ಲಿ ಪ್ರಕಟವಾಗಿದೆ, ಅವರಲ್ಲಿ ಹೆಚ್ಚಿನವರಲ್ಲಿ ಒಂದು ನಿರ್ದಿಷ್ಟ ಜೀನ್ ಇತ್ತು, ಪರೀಕ್ಷೆಗೆ ಸಿಕ್ಕ 7 ಮಾತ್ರೆಗಳ ಪೈಕಿ 3ರಲ್ಲಿ ಪೈಪರಿನ್ ಇತ್ತು. ಇದನ್ನು ಓದಿ ಆಯಿಯ ಡಬ್ಬಿಯನ್ನೂ ನಿಲ್ಲಿಸಿದೆ. ಅವಳಿಗೆ ಏನೂ ಆಗಿರಲಿಲ್ಲ, ಲಿವರ್ ಟೆಸ್ಟ್ ಸರಿಯಾಗಿಯೇ ಬಂತು. ಆದರೂ ಬೇಡ ಅನಿಸಿತು.

ಹಾಗಾದರೆ ಸಾರಿಗೆ ಹಾಕುವ ಕಾಳುಮೆಣಸೂ ಬಿಡಬೇಕಾ? ಚಿಕ್ಕಿ ಡಾಕ್ಟರ ಹತ್ತಿರ ಮೊದಲು ಕೇಳಿದ್ದೇ ಇದನ್ನು. ಅವರು ಅಡುಗೆಗೆ ಯಾವತ್ತಿನ ಹಾಗೆ ಹಾಕಿ, ಕಷಾಯ ಅಂತ ಮುಷ್ಟಿಗಟ್ಟಲೆ ಬೇಡ ಅಂದರು. ನಾನು ಲೆಕ್ಕ ಹಾಕಿ ನೋಡಿದೆ, ಅದಕ್ಕೆ ಸರಿಯಾದ ಕಾಳು ಬೇಕಾಗಿತ್ತು, ಈ ವಿಮರ್ಶೆಯ ಎರಡನೇ ಭಾಗ ಅಲ್ಲಿಂದ ಬಂತು.

ನಮ್ಮದೇ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳಿದ್ದವು, ಮಲ್ಲಿಗೆಸರ ಮತ್ತೆ ಒಂದಿಷ್ಟು ಪಣಿಯೂರು ತಳಿ. ಹೋದ ವರ್ಷದ ಮಳೆಗೆ ಸೊರಗು ರೋಗ ಬಂದು ಹೆಚ್ಚಿನವು ಹೋದವು, ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದದ್ದು ತಡವಾಯಿತು. ಹಾಗಾಗಿ ಈ ವರ್ಷ ಮೊದಲ ಬಾರಿಗೆ ಅಡುಗೆಗೆ ಕಾಳುಮೆಣಸು ಕೊಂಡು ತರಬೇಕಾಯಿತು. ಮೊದಲು ಒಂದು ದೊಡ್ಡ ಅಂಗಡಿಯ ಪ್ಯಾಕೆಟ್ ತಂದೆ. ಪಾರದರ್ಶಕ ಕವರು, ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟಿದ್ದರು. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ನೋಡಿದರೆ ಕಾಲುಭಾಗ ತೇಲಿತು, ಬರೀ ಜೊಳ್ಳು. ಒತ್ತಿದರೆ ಬೆರಳಲ್ಲೇ ಪುಡಿಯಾಗುತ್ತಿತ್ತು.

ಆಮೇಲೆ ಪರಿಚಯದವರೊಬ್ಬರು ಸಿಪಿ ಬಜಾರಿನ ಒಂದು ಹಳೇ ಅಂಗಡಿ ಹೇಳಿದರು. ಬೋರ್ಡೂ ಸರಿಯಾಗಿ ಕಾಣಿಸುವುದಿಲ್ಲ, ಹೊರಗೆ ಅಡಿಕೆ ಚೀಲ, ಒಳಗೆ ಏಲಕ್ಕಿ, ಜಾಯಿಕಾಯಿ, ಲವಂಗ, ಕಾಳುಮೆಣಸು, ಎಲ್ಲ ಮುಚ್ಚಳ ಇರುವ ತಗಡಿನ ಡಬ್ಬಗಳಲ್ಲಿ. ನಾನು ಒಳ್ಳೆಯದು ಕೊಡಿ ಅಂದೆ. ಯಜಮಾನರು ಬಾಯಿಮಾತು ಆಡಲಿಲ್ಲ. ಒಂದು ಲೀಟರಿನ ಅಳತೆ ಡಬ್ಬ ತಗೊಂಡು ಅದರ ತುಂಬ ಕಾಳು ಸುರಿದರು, ಕುಲುಕಲಿಲ್ಲ, ಒತ್ತಲಿಲ್ಲ, ಮೇಲೆ ಒಂದು ಮರದ ಪಟ್ಟಿ ಎಳೆದು ಮಟ್ಟ ಮಾಡಿದರು, ತೂಕಕ್ಕೆ ಇಟ್ಟರು. 562 ಗ್ರಾಂ ತೋರಿಸಿತು. “ಲೀಟರಿಗೆ 550 ದಾಟಿದರೆ ಕಾಳು ತುಂಬಿದೆ ಅಂತ ಲೆಕ್ಕ, ನೋಡಿ” ಅಂದರು. ಇನ್ನೊಂದು ಡಬ್ಬದಿಂದ ಅಗ್ಗದ್ದನ್ನೂ ಅಳೆದು ತೋರಿಸಿದರು, 480 ಬಂತು. ಎರಡನ್ನೂ ನೋಡಿ ಯಾವುದು ಬೇಕೋ ತಗೊಳ್ಳಿ ಅಂತ ಬಿಟ್ಟರು. ವ್ಯಾಪಾರದಲ್ಲಿ ಇಷ್ಟು ನೇರ ಇರುವವರನ್ನು ಕಂಡರೆ ನನಗೆ ತುಂಬಾ ಗೌರವ.

ತಂದ ಅರ್ಧ ಕಿಲೋದಲ್ಲಿ ನೀರಿಗೆ ಹಾಕಿದ್ದು ಒಂದೆರಡು ಕಾಳು ಬಿಟ್ಟರೆ ಎಲ್ಲ ಮುಳುಗಿತು. ಪಪ್ಪಾಯಿ ಬೀಜ ಬೆರೆಸಿದ್ದರೆ ಅದೂ ತೇಲುತ್ತದೆ, ಒಂದೂ ಸಿಗಲಿಲ್ಲ. ಕಲ್ಲಿನಲ್ಲಿ ಕುಟ್ಟಿದಾಗ ಪರಿಮಳ ಜಗುಲಿಯವರೆಗೂ ಬಂತು, ಆಯಿ ಒಳಗಿನಿಂದ ಇದು ಎಲ್ಲಿಯ ಕಾಳು ಅಂತ ಕೇಳಿದಳು. ಬೋಳಕಾಳನ್ನೂ (ಸಿಪ್ಪೆ ತೆಗೆದ ಬಿಳಿ ಮೆಣಸು) ಸ್ವಲ್ಪ ತಂದಿದ್ದೆ. ಅದಕ್ಕೆ ಖಾರ ಇದೆ, ಪರಿಮಳ ಕಡಿಮೆ. ಪರಿಮಳದ ಎಣ್ಣೆ ಇರುವುದು ಹೆಚ್ಚಾಗಿ ಹೊರಗಿನ ಕಪ್ಪು ಸಿಪ್ಪೆಯಲ್ಲಿ, ಪೈಪರಿನ್ ಇರುವುದು ಒಳಗೆ, ಸಿಪ್ಪೆ ತೆಗೆದರೆ ಹಾಗಾಗುತ್ತದೆ. ತಗಡಿನ ಡಬ್ಬ ಯಾಕೆ ಅಂದರೆ, ಬೆಳಕು ಬಿದ್ದರೆ ಪೈಪರಿನ್ನಿನ ರೂಪ ಬದಲಾಗಿ ಖಾರ ಇಳಿಯುತ್ತದೆ. ಆ ಕಿಟಕಿಯ ಪಕ್ಕದ ಪ್ಯಾಕೆಟ್ಟು ಸಪ್ಪೆ ಇದ್ದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಈಗ ಲೆಕ್ಕ. ಅಡುಗೆಮನೆಯ ಸಣ್ಣ ತೂಕದ ಮೇಲೆ ನೂರು ಕಾಳು ಎಣಿಸಿ ಇಟ್ಟೆ, 4.7 ಗ್ರಾಂ ಬಂತು. ಅಂದರೆ ಒಂದು ಕಾಳು ಸುಮಾರು 47 ಮಿಲಿಗ್ರಾಂ. ಪೈಪರಿನ್ ನೂರಕ್ಕೆ 5 ಅಂತ ಹಿಡಿದರೂ ಒಂದು ಕಾಳಿಗೆ ಎರಡು ಚಿಲ್ಲರೆ ಮಿಲಿಗ್ರಾಂ. ದಿನದ ಎರಡು ಕ್ಯಾಪ್ಸೂಲಿನ 19 ಮಿಲಿಗ್ರಾಂ ಅಂದರೆ ಸುಮಾರು ಎಂಟು ಕಾಳು. ನಮ್ಮ ಮನೆಯಲ್ಲಿ ನಾಲ್ಕು ಜನರ ಸಾರಿಗೋ ತಂಬುಳಿಗೋ ಹಾಕುವುದು ಎಂಟು ಹತ್ತು ಕಾಳು, ತಲೆಗೆ ಎರಡು ಎರಡೂವರೆ ಬೀಳುತ್ತದೆ. ಅದೂ ಅನ್ನ, ಮಜ್ಜಿಗೆ, ಎಣ್ಣೆಯ ಜೊತೆ ಹರಡಿಕೊಂಡು ನಿಧಾನಕ್ಕೆ ಹೋಗುತ್ತದೆ. ಕ್ಯಾಪ್ಸೂಲಿನದು ಬೇರ್ಪಡಿಸಿದ ಪೈಪರಿನ್, ಒಂದೇ ಜಾಗದಲ್ಲಿ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಅರಿಶಿನದ ಲೆಕ್ಕವೂ ಹೀಗೇ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು, ಅರ್ಧ ಚಮಚ ಹಾಕಿದರೆ 45 ಮಿಲಿಗ್ರಾಂ ಸಿಗಬಹುದು, ಕ್ಯಾಪ್ಸೂಲಿನಲ್ಲಿ 500. ಎರಡಕ್ಕೂ ಒಂದೇ ಹೆಸರು ಇದೆ ಅಂತ ಎರಡೂ ಒಂದೇ ಅಂದುಕೊಂಡದ್ದು ನನ್ನ ತಪ್ಪು.

ಆದರೆ ಜಾಸ್ತಿ ಖಾರದ ಕಷಾಯ ಮಾಡುವವರು ಸ್ವಲ್ಪ ನೋಡಿಕೊಳ್ಳಿ. ಶೀತ ಅಂತ ಒಂದು ಚಮಚ ಕಾಳುಮೆಣಸಿನ ಪುಡಿ ಒಬ್ಬರಿಗೇ ಕುದಿಸಿ ಕೊಡುವ ಮನೆಗಳಿವೆ. ಅದರಲ್ಲಿ ಕ್ಯಾಪ್ಸೂಲಿಗಿಂತ ಹೆಚ್ಚೇ ಪೈಪರಿನ್ ಇರುತ್ತದೆ. ದಿನಾ ಮಾತ್ರೆ ತಗೊಳ್ಳುವ ಹಿರಿಯರಿಗೆ ಮಾತ್ರ ಹಾಗೆ ಕೊಡಬೇಡಿ.

ನಮ್ಮ ಮನೆಯಲ್ಲಿ ಈಗ ಮಾಡುವುದು ಇಷ್ಟು. ಕಾಳನ್ನು ಆವತ್ತಿಗೆ ಬೇಕಾದಷ್ಟೇ ಕುಟ್ಟುತ್ತೇವೆ. ಅರಿಶಿನವನ್ನು ತೆಂಗಿನೆಣ್ಣೆಯ ಒಗ್ಗರಣೆಗೇ ಹಾಕುತ್ತೇವೆ, ಕರ್ಕ್ಯುಮಿನ್ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಿ ಅಲ್ಲ. ಬಸಳೆ, ನುಗ್ಗೆಸೊಪ್ಪಿನ ಪಲ್ಯಕ್ಕೆ ಕೊನೆಯಲ್ಲಿ ಒಂದಿಷ್ಟು ಕಾಳುಮೆಣಸು, ಕಾಯಿತುರಿ. ಇಷ್ಟರಿಂದ ಆಯಿಯ ಮಂಡಿ ವಾಸಿಯಾಗುತ್ತದೆ ಅಂತ ಹೇಳುವುದಿಲ್ಲ, ಅದಕ್ಕೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದಾಳೆ, ದಿನಾ ಬೆಳಗ್ಗೆ, ಕುರ್ಚಿಯಲ್ಲಿ ಕೂತು ಕಾಲು ಎತ್ತಿ ಇಳಿಸಿ. ಚಿಕ್ಕಿ ಮತ್ತೆ ಸಂಕ ದಾಟಿ ಬರುತ್ತಿದ್ದಾಳೆ, ಆದರೂ ಬಿದಿರಿನ ಬದಲು ಈಗ ಕಬ್ಬಿಣದ ಪೈಪು ಹಾಕಿಸಿದ್ದೇವೆ.

ಸ್ಟಾರ್ ಕೊಡಬೇಕಲ್ಲ. ಸಿಪಿ ಬಜಾರಿನ ಕಾಳುಮೆಣಸಿಗೆ 5ಕ್ಕೆ 5. ಬೆಲೆ ದೊಡ್ಡ ಅಂಗಡಿಗಿಂತ ಸ್ವಲ್ಪ ಜಾಸ್ತಿ, ಆದರೆ ಜೊಳ್ಳಿಗೆ ದುಡ್ಡು ಕೊಟ್ಟಹಾಗಾಗುವುದಿಲ್ಲ. ಸಂಜೆ ನೂಕುನುಗ್ಗಲು, ಬೆಳಗ್ಗೆ ಹೋದರೆ ಅಳೆದು ತೋರಿಸುವಷ್ಟು ಅವರಿಗೂ ಸಮಯ ಇರುತ್ತದೆ. ಕ್ಯಾಪ್ಸೂಲಿನ ಗುಣಮಟ್ಟಕ್ಕೆ 3, ಲೇಬಲ್ಲಿಗೆ 1, ಅದೂ ಪೈಪರಿನ್ ಎಷ್ಟಿದೆ ಅಂತ ಬರೆದಿದ್ದರು ಅನ್ನುವುದಕ್ಕೆ. ಆ ಅಂಕಿ ಇಲ್ಲದಿದ್ದರೆ ಡಾಕ್ಟರಿಗೂ ಹಿಡಿಯಲು ಕಷ್ಟವಾಗುತ್ತಿತ್ತು.

ಕಂಪನಿಗೆ ಇಮೇಲ್ ಮಾಡಿದ್ದೆ, ಚಿಕ್ಕಿಯ ಎರಡು ರಕ್ತಪರೀಕ್ಷೆಯ ರಿಪೋರ್ಟೂ ಹಾಕಿ. ದುಡ್ಡು ವಾಪಸ್ ಮಾಡುತ್ತೇವೆ ಅಂತ ಉತ್ತರ ಬಂತು, ಮಾಡಿಯೂ ಬಿಟ್ಟರು. ನಾನು ಕೇಳಿದ್ದು ದುಡ್ಡಲ್ಲ. ‘ಬೇರೆ ಔಷಧ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ’ ಅಂತ ಒಂದು ಸಾಲು, ಕನ್ನಡದಲ್ಲಿ, ಆ 2000% ಎಷ್ಟು ದೊಡ್ಡದಾಗಿದೆಯೋ ಅಷ್ಟೇ ದೊಡ್ಡದಾಗಿ ಹಾಕಿ ಅಂತ ಕೇಳಿದ್ದೆ. ಅದಕ್ಕೆ ಉತ್ತರ ಬಂದಿಲ್ಲ. ಮತ್ತೆ ಬರೆದಿದ್ದೇನೆ. ಲೇಬಲ್ ಬದಲಾದರೆ ಇಲ್ಲಿ ಬಂದು ಆ ಒಂದು ಸ್ಟಾರನ್ನು ತಿದ್ದುತ್ತೇನೆ.